ಹಳೇ ಮನೆಯ ನೀರಿನ ಪೈಪ್: ನೀವೇ ನೋಡೋದು ಎಷ್ಟು, ಪ್ಲಂಬರ್‌ಗೆ ಬಿಡೋದು ಎಷ್ಟು?



ತೋಟದಲ್ಲಿ ಒಂದು ಡ್ರಿಪ್ಪರ್ ಕಟ್ಟಿಕೊಂಡರೆ ಅರ್ಧ ಗಂಟೆಯಲ್ಲಿ ಪತ್ತೆ ಹಚ್ಚುತ್ತೇವೆ. ಮನೆಯೊಳಗಿನ ಪೈಪ್ ವರ್ಷಗಟ್ಟಲೆ ಸೋರುತ್ತಿದ್ದರೂ ಗೊತ್ತಾಗುವುದಿಲ್ಲ. ಯಾಕೆಂದರೆ ಅದು ಗೋಡೆಯೊಳಗೆ, ನೆಲದೊಳಗೆ ಇರುತ್ತದೆ. ಈ ವಾರ ಅದರ ಬಗ್ಗೆಯೇ ನೋಡೋಣ.

ನಮ್ಮದು ಹೊಸದುರ್ಗ ತಾಲ್ಲೂಕಿನಲ್ಲಿ ತೆಂಗಿನ ತೋಟದ ಮನೆ. 1988ರಲ್ಲಿ ಅಪ್ಪ ಕಟ್ಟಿಸಿದ್ದು. ಒಂದು ಬೇಸಿಗೆಯಲ್ಲಿ ಮೋಟರ್ ದಿನಕ್ಕೆ ಎರಡು ಸಲ ಹಾಕಿದರೂ ಮನೆ ಟ್ಯಾಂಕ್‌ನಲ್ಲಿ ನೀರು ನಿಲ್ಲುತ್ತಿರಲಿಲ್ಲ. ಬೋರ್ ಬತ್ತುತ್ತಿದೆ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಹೊಸ ಬೋರ್‌ಗೆ ಪಾಯಿಂಟ್ ನೋಡಿಸಿದ್ದೂ ಆಗಿತ್ತು. ಆಗ ಅಮ್ಮ ಕೇಳಿದ್ದು ಒಂದೇ ಮಾತು: "ಬೋರ್‌ನಾಗೆ ನೀರು ಕಮ್ಮಿ ಆಗಿದ್ರೆ ಟ್ಯಾಂಕ್ ತುಂಬೋಕೆ ಜಾಸ್ತಿ ಹೊತ್ತು ಹಿಡೀಬೇಕಲ್ಲಪ್ಪ? ಮೊದ್ಲಿನಷ್ಟೇ ಹೊತ್ತಿಗೆ ತುಂಬ್ತೈತಲ್ಲ!"

ಅಮ್ಮ ಹೇಳಿದ್ದು ಸರಿಯಾಗಿತ್ತು. ಬೋರ್ ಚೆನ್ನಾಗಿಯೇ ಇತ್ತು. ಸೋರುತ್ತಿದ್ದದ್ದು ಮನೆ. ಆ ಒಂದು ಮಾತು ಲಕ್ಷಾಂತರ ರೂಪಾಯಿ ಉಳಿಸಿತು. ಆದರೆ ಆಮೇಲೆ ನಾನೇ ರಿಪೇರಿಗೆ ಕೈ ಹಾಕಿ ಇನ್ನೊಂದು ತಪ್ಪು ಮಾಡಿದೆ. ಅದನ್ನು ಮುಂದೆ ಹೇಳುತ್ತೇನೆ.

ಎರಡೂ ಸೇರಿ ನನಗೆ ಕಲಿಸಿದ ಪಾಠ ಇಷ್ಟು: ಪತ್ತೆ ಹಚ್ಚುವ ಕೆಲಸ ನಮ್ಮದು. ಗೋಡೆ ಒಡೆಯುವ, ಹಳೇ ಪೈಪ್ ಬಿಚ್ಚುವ ಕೆಲಸ ಕಲಿತವರದು.

ನಮ್ಮ ಭಾಗಕ್ಕೆ ಇದು ಯಾಕೆ ಮುಖ್ಯ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯವರಿಗೆ ನೀರಿನ ಬೆಲೆ ಹೇಳಿಕೊಡಬೇಕಿಲ್ಲ. ವೇದಾವತಿಗೆ ಕಟ್ಟಿದ ವಾಣಿ ವಿಲಾಸ ಸಾಗರ, ನಮ್ಮ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಹೆಚ್ಚಿನ ತೋಟದ ಮನೆಗಳು ಬೋರ್‌ವೆಲ್ ನಂಬಿಕೊಂಡೇ ಇವೆ. ಕರೆಂಟ್ ಇದ್ದಾಗ ನೀರು, ಇಲ್ಲದಿದ್ದರೆ ಇಲ್ಲ.

ಎರಡನೆಯದು, ನಮ್ಮ ಕಡೆ ಬೋರ್ ನೀರು ಸಾಮಾನ್ಯವಾಗಿ ಗಡಸು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ಲ, ಅದೇ ಪದರ ಪೈಪಿನ ಒಳಗೂ, ಗೀಸರ್‌ನೊಳಗೂ ಕಟ್ಟುತ್ತದೆ. ಹಳೇ ಜಿಐ ಪೈಪ್ ಆದರೆ ಇದರ ಜೊತೆ ತುಕ್ಕು ಬೇರೆ. ಪೈಪಿನ ಒಳ ಅಗಲ ಅರ್ಧಕ್ಕೆ ಇಳಿದರೆ ನೀರು ಹೋಗುವ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ.

ಮೂರನೆಯದು ಆರೋಗ್ಯ. 2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, ಕೆಲವರು ಜೀವ ಕಳೆದುಕೊಂಡರು. ಕುಡಿಯುವ ನೀರಿನ ವಿಷಯದಲ್ಲಿ "ನಾಳೆ ನೋಡಿದರಾಯ್ತು" ಅನ್ನುವ ಹಾಗಿಲ್ಲ. ಪೈಪಿನಲ್ಲಿ ತೂತಿದ್ದರೆ ಒಳಗಿನ ನೀರು ಹೊರಗೆ ಹೋಗೋದು ಒಂದೇ ಅಲ್ಲ. ಸರಬರಾಜು ನಿಂತು ಲೈನ್ ಖಾಲಿಯಾಗುವಾಗ ಹೊರಗಿನ ಕೊಚ್ಚೆ ಒಳಕ್ಕೆ ಎಳೆದುಕೊಳ್ಳುತ್ತದೆ. ಪಂಚಾಯಿತಿ ನಲ್ಲಿಯಲ್ಲಿ ದಿನಕ್ಕೆ ಒಂದೆರಡು ಗಂಟೆ ಮಾತ್ರ ನೀರು ಬರುವ ಊರುಗಳಲ್ಲಿ ಈ ಅಪಾಯ ಜಾಸ್ತಿ.

ಮೊದಲು ನೀರಿನ ದಾರಿ ಬರೆದುಕೊಳ್ಳಿ

ದುರ್ಗದ ಕೋಟೆ ನೋಡಿದವರಿಗೆ ಗೊತ್ತು, ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ನೀರು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಇನ್ನೂ ಕೆಳಕ್ಕೆ ಇಳಿಯುವ ಹಾಗೆ ಮಾಡಿದ್ದಾರೆ. ಮನೆಯ ನೀರನ್ನೂ ಹೀಗೇ ಮೇಲಿನಿಂದ ಕೆಳಕ್ಕೆ ಹಿಂಬಾಲಿಸಬೇಕು.

ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಬೋರ್ ಅಥವಾ ಪಂಚಾಯಿತಿ ನಲ್ಲಿ ಎಲ್ಲಿದೆ, ಸಂಪು ಎಲ್ಲಿ, ಮೇಲಿನ ಟ್ಯಾಂಕ್ ಎಲ್ಲಿ, ಅಲ್ಲಿಂದ ಅಡುಗೆಮನೆ, ಬಚ್ಚಲು, ಕಕ್ಕಸು, ದನದ ಕೊಟ್ಟಿಗೆಗೆ ಲೈನ್ ಹೇಗೆ ಹೋಗಿದೆ, ಗೇಟ್ ವಾಲ್ ಎಲ್ಲೆಲ್ಲಿವೆ ಅಂತ ಗುರುತು ಹಾಕಿ. ಮನೆ ಕಟ್ಟುವಾಗ ಇದ್ದ ಹಿರಿಯರನ್ನು ಕೇಳಿ. ಗೋಡೆಯೊಳಗೆ ಹೋದ ಪೈಪಿನ ದಾರಿ ಅವರಿಗೆ ಮಾತ್ರ ನೆನಪಿರುತ್ತದೆ.

ಪೈಪ್ ಯಾವುದು ಅಂತಲೂ ಬರೆಯಿರಿ. ಹೊರಗೆ ಕಾಣುವ ಕಡೆ ಒಂದು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಜಿಐ. ಅಂಟದೆ ಬೂದು ಅಥವಾ ಬಿಳಿ ಪ್ಲಾಸ್ಟಿಕ್ ಆದರೆ ಪಿವಿಸಿ, ಯುಪಿವಿಸಿ. ತಿಳಿ ಕೆನೆ ಬಣ್ಣದ್ದು ಸಾಮಾನ್ಯವಾಗಿ ಬಿಸಿನೀರಿಗೂ ಆಗುವ ಸಿಪಿವಿಸಿ. ಪೈಪಿನ ಮೇಲೆ ಅಚ್ಚು ಹಾಕಿರುತ್ತಾರೆ, ಓದಿ ಖಚಿತ ಮಾಡಿಕೊಳ್ಳಿ. ಹಳೇ ಮನೆಗಳಲ್ಲಿ ಅರ್ಧ ಜಿಐ, ಅರ್ಧ ಪಿವಿಸಿ ಇರೋದು ಮಾಮೂಲು. ಆ ಎರಡೂ ಕೂಡುವ ಜಾಯಿಂಟ್‌ಗಳ ಮೇಲೆ ಕಣ್ಣಿಡಿ.

ನೀವೇ ಮಾಡಬಹುದಾದ ಆರು ಪರೀಕ್ಷೆ

ಇವಕ್ಕೆ ಸ್ಪ್ಯಾನರ್ ಕೂಡ ಬೇಡ. ಗಡಿಯಾರ, ಬಕೆಟ್, ಸೀಮೆಸುಣ್ಣ ಇದ್ದರೆ ಸಾಕು.

1. ತುಂಬುವ ಹೊತ್ತು. ಟ್ಯಾಂಕ್ ಒಂದೇ ಗುರುತಿನಿಂದ ತುಂಬಲು ಎಷ್ಟು ನಿಮಿಷ ಬೇಕು ಅಂತ ತಿಂಗಳಿಗೊಮ್ಮೆ ಕ್ಯಾಲೆಂಡರ್ ಮೇಲೆ ಬರೆದಿಡಿ. ತುಂಬುವ ಹೊತ್ತು ಹೆಚ್ಚುತ್ತಾ ಹೋದರೆ ತೊಂದರೆ ಬೋರ್, ಮೋಟರ್ ಅಥವಾ ಮೇಲೇರುವ ಪೈಪಿನಲ್ಲಿ. ಹೊತ್ತು ಅಷ್ಟೇ ಇದ್ದು ಟ್ಯಾಂಕ್ ಬೇಗ ಖಾಲಿಯಾದರೆ ತೊಂದರೆ ಟ್ಯಾಂಕಿನಿಂದ ಈಚೆಗೆ. ಹೊಸ ಬೋರ್ ಯೋಚನೆ ಮಾಡುವ ಮೊದಲು ಈ ಪರೀಕ್ಷೆ ಆಗಲೇಬೇಕು.

2. ರಾತ್ರಿ ಪರೀಕ್ಷೆ. ಎಲ್ಲರೂ ಮಲಗುವ ಮೊದಲು ನಲ್ಲಿಗಳನ್ನೆಲ್ಲ ಬಂದ್ ಮಾಡಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ರಾತ್ರಿ ಕಕ್ಕಸಿಗೆ ಬೇರೆ ಬಕೆಟ್ ತುಂಬಿಡಿ. ಬೆಳಿಗ್ಗೆ ಎದ್ದವರು ನಲ್ಲಿ ಮುಟ್ಟುವ ಮೊದಲು ನೋಡಿ. 4 ಅಡಿ ಉದ್ದ, 3 ಅಡಿ ಅಗಲದ ಸಿಮೆಂಟ್ ಟ್ಯಾಂಕ್ ಆದರೆ 1 ಇಂಚು ಇಳಿದರೆ ಸುಮಾರು 28 ಲೀಟರ್. ನಮ್ಮ ಮನೆಯಲ್ಲಿ 8 ಗಂಟೆಯಲ್ಲಿ 5 ಇಂಚು ಇಳಿದಿತ್ತು, ಅಂದರೆ 140 ಲೀಟರ್. ದಿನಕ್ಕೆ ಲೆಕ್ಕ ಹಾಕಿದರೆ 420 ಲೀಟರ್. ಡ್ರಿಪ್‌ನಲ್ಲಿ ಅಡಿಕೆ ಗಿಡಕ್ಕೆ ದಿನಕ್ಕೆ 20 ಲೀಟರ್ ಅಂತ ಹಿಡಿದರೂ 21 ಗಿಡದ ನೀರು ನೆಲಕ್ಕೆ ಹೋಗುತ್ತಿತ್ತು.

3. ಟ್ಯಾಂಕೋ, ಲೈನೋ? ಮಟ್ಟ ಇಳಿದಿದ್ದರೆ ಮರುದಿನ ರಾತ್ರಿ ಟ್ಯಾಂಕಿನ ಹೊರದಾರಿಯ ಗೇಟ್ ವಾಲ್ ಬಂದ್ ಮಾಡಿ ಮತ್ತೆ ನೋಡಿ. ಈಗ ಇಳಿಯದಿದ್ದರೆ ಸೋರಿಕೆ ಲೈನಿನಲ್ಲಿ. ಆಗಲೂ ಇಳಿದರೆ ಟ್ಯಾಂಕಿನಲ್ಲಿ, ಇಲ್ಲವೇ ವಾಲ್ ಪೂರ್ತಿ ಮುಚ್ಚುತ್ತಿಲ್ಲ. ವಾಲ್ ಮುಚ್ಚಿ ಕೆಳಗಿನ ನಲ್ಲಿ ಬಿಡಿ. ಸ್ವಲ್ಪ ಹೊತ್ತಿನ ಮೇಲೂ ನೀರು ಬರುತ್ತಲೇ ಇದ್ದರೆ ವಾಲ್ ಕೆಟ್ಟಿದೆ ಅಂತ ಅರ್ಥ. ಹಳೇ ಗೇಟ್ ವಾಲ್ ಬಿಗಿಯಾಗಿದ್ದರೆ ಬಲ ಹಾಕಿ ತಿರುಗಿಸಬೇಡಿ, ಒಳಗಿನ ಕಡ್ಡಿ ಮುರಿಯುತ್ತದೆ.

4. ನೀಲಿ ಪರೀಕ್ಷೆ. ಕಕ್ಕಸಿನ ಫ್ಲಷ್ ಟ್ಯಾಂಕಿಗೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬಿಡಿ. ಅರ್ಧ ಗಂಟೆ ಫ್ಲಷ್ ಮಾಡಬೇಡಿ. ಕೆಳಗೆ ಬೇಸಿನ್‌ನಲ್ಲಿ ನೀಲಿ ಕಂಡರೆ ಒಳಗಿನ ರಬ್ಬರ್ ಸವೆದಿದೆ. ಸದ್ದಿಲ್ಲದೆ ನೀರು ಪೋಲಾಗುವ ಜಾಗ ಇದು.

5. ಬಕೆಟ್ ಪರೀಕ್ಷೆ. 10 ಲೀಟರ್ ಬಕೆಟ್ ತುಂಬಲು ಪ್ರತಿ ನಲ್ಲಿಗೆ ಎಷ್ಟು ಸೆಕೆಂಡ್ ಬೇಕು ಬರೆಯಿರಿ. ಒಂದೇ ನಲ್ಲಿ ನಿಧಾನ ಆದರೆ ಆ ನಲ್ಲಿಯಲ್ಲೇ ಕಸ ಅಥವಾ ಸುಣ್ಣ. ಬಿಸಿನೀರು ಮಾತ್ರ ನಿಧಾನ ಆದರೆ ಗೀಸರ್ ಅಥವಾ ಸೋಲಾರ್ ಲೈನಿನಲ್ಲಿ ಪದರ. ಎಲ್ಲವೂ ನಿಧಾನ ಆದರೆ ಟ್ಯಾಂಕಿನ ಬಾಯಿ, ಗೇಟ್ ವಾಲ್ ಅಥವಾ ಮುಖ್ಯ ಪೈಪ್. ಒಂದು ಮಾತು ನೆನಪಿಡಿ: 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಕೆಜಿ ಒತ್ತಡ. ಒಂದೇ ಅಂತಸ್ತಿನ ಮನೆಯಲ್ಲಿ ಟ್ಯಾಂಕ್ ನಲ್ಲಿಗಿಂತ 3 ಮೀಟರ್ ಮೇಲಿದ್ದರೆ ಸಿಗೋದೇ 0.3 ಕೆಜಿ. ಪಟ್ಟಣದ ಮನೆಯ ಶವರ್ ಹಾಗೆ ಬರಲಿಲ್ಲ ಅಂತ ಪೈಪ್ ಒಡೆಸಬೇಡಿ.

6. ಕಣ್ಣು, ಕೈ, ಮೂಗು. ಗೋಡೆಯಲ್ಲಿ ಉಬ್ಬಿದ ಸುಣ್ಣ, ಬಿಳಿ ಉಪ್ಪು, ಬೇಸಿಗೆಯಲ್ಲೂ ಒಣಗದ ತೇವ, ಹಿತ್ತಿಲಲ್ಲಿ ಒಂದೇ ಕಡೆ ಹಸಿರಾಗಿ ಬೆಳೆದ ಹುಲ್ಲು, ಇವೆಲ್ಲ ಗುರುತು. ಬೆಳಿಗ್ಗೆ ಮೊದಲ ನೀರು ಕೆಂಪಗೆ ಬಂದು ಆಮೇಲೆ ತಿಳಿಯಾದರೆ ಪೈಪಿನ ತುಕ್ಕು. ವಾಸನೆ ಬಂದರೆ ಅಥವಾ ನೀರು ಕದಡಿದ್ದರೆ ಆ ನೀರು ಕುಡಿಯೋದು ಅವತ್ತೇ ನಿಲ್ಲಿಸಿ.

ನೀವೇ ಮಾಡಬಹುದಾದ ರಿಪೇರಿ

ಸೆಕೆಂಡಿಗೆ ಒಂದು ಹನಿ ಬೀಳುವ ನಲ್ಲಿ ದಿನಕ್ಕೆ ಸುಮಾರು 20 ಲೀಟರ್ ಕಳೆಯುತ್ತದೆ. ಇದಕ್ಕೆ ಪ್ಲಂಬರ್ ಬೇಕಿಲ್ಲ. ಮೇಲಿನ ವಾಲ್ ಬಂದ್ ಮಾಡಿ, ನಲ್ಲಿಯ ತಲೆ ಬಿಚ್ಚಿ, ವಾಷರ್ ಬದಲಾಯಿಸಿ. ಹಳೇ ವಾಷರ್ ಜೇಬಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ಅಳತೆ ತಪ್ಪಲ್ಲ.

ಇದೇ ರೀತಿ ಫ್ಲಷ್ ಟ್ಯಾಂಕಿನ ರಬ್ಬರ್, ಟ್ಯಾಂಕಿನ ಬಾಲ್ ವಾಲ್, ನಲ್ಲಿ ಮೂತಿಯ ಜಾಲರಿ ತೊಳೆಯೋದು (ಸುಣ್ಣ ಕಟ್ಟಿದ್ದರೆ ನಿಂಬೆರಸ ಅಥವಾ ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಸಿ), ಟ್ಯಾಂಕ್ ತೊಳೆಯೋದು, ಬಿಸಿಲಿಗೆ ಬಿದ್ದ ಪಿವಿಸಿ ಪೈಪಿಗೆ ಪೇಂಟ್ ಬಳಿಯೋದು. ಡ್ರಿಪ್ ಲೈನ್ ನೋಡಿಕೊಳ್ಳುವ ಕೈಗೆ ಇದೇನೂ ಕಷ್ಟ ಅಲ್ಲ.

ಕೈ ಹಾಕಬಾರದ ಕೆಲಸ

ಈಗ ನನ್ನ ತಪ್ಪು. ರಾತ್ರಿ ಪರೀಕ್ಷೆಯಲ್ಲಿ ಸೋರಿಕೆ ಬಚ್ಚಲು ಲೈನಿನಲ್ಲಿ ಅಂತ ಸಿಕ್ಕಿತು. ಗೋಡೆ ನಲ್ಲಿಯ ಬುಡದಲ್ಲಿ ತೇವ ಇತ್ತು. ನಲ್ಲಿ ಬಿಚ್ಚಿ ಟೇಪ್ ಸುತ್ತಿದರೆ ಮುಗೀತು ಅಂದುಕೊಂಡು ಪೈಪ್ ರೆಂಚ್ ಹಾಕಿ ತಿರುಗಿಸಿದೆ. ನಲ್ಲಿ ಬರಲಿಲ್ಲ. ಮೂವತ್ತು ವರ್ಷದ ಜಿಐ ಪೈಪ್ ಗೋಡೆಯೊಳಗೆ ಎಲ್ಬೋ ಹತ್ತಿರ ಕಟ್ ಅಂತ ಮುರಿಯಿತು. ಟ್ಯಾಂಕಿನ ವಾಲ್ ಪೂರ್ತಿ ಮುಚ್ಚುತ್ತಿರಲಿಲ್ಲ. ಟ್ಯಾಂಕ್ ನೀರೆಲ್ಲ ಬಚ್ಚಲಿಗೆ, ನಡುಮನೆಗೆ. ಪ್ಲಂಬರ್ ಬಂದು ನೋಡಿ ಹೇಳಿದ್ದು: "ಯಜಮಾನ್ರೇ, ಸೋರ್ತಿದೆ ಅಂದಾಗ್ಲೇ ಕರ್ದಿದ್ರೆ ಒಂದು ಹೊತ್ತಿನ ಕೆಲ್ಸ ಇತ್ತು. ಈಗ ಟೈಲ್ಸು, ಗಾರೆ ಎಲ್ಲ ಸೇರಿ ಮೂರು ದಿನ."

ಆದ್ದರಿಂದ ಇವು ನಿಮ್ಮ ಕೆಲಸ ಅಲ್ಲ:

- ಗೋಡೆಯೊಳಗಿನ, ನೆಲದೊಳಗಿನ ಪೈಪ್, ಅದರಲ್ಲೂ ತುಕ್ಕು ಹಿಡಿದ ಜಿಐ.
- ಕರೆಂಟ್ ಜೊತೆ ಸೇರಿದ್ದು: ಸಬ್‌ಮರ್ಸಿಬಲ್ ಮೋಟರ್, ಸ್ಟಾರ್ಟರ್, ಗೀಸರ್. ತೇವದ ಗೋಡೆ ಮುಟ್ಟಿದರೆ ಜುಮ್ ಅಂದರೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಯಿರಿ. ಇನ್ನೊಂದು ವಿಷಯ: ಹಳೇ ಮನೆಗಳಲ್ಲಿ ಅರ್ಥಿಂಗ್ ತಂತಿಯನ್ನು ಜಿಐ ನೀರಿನ ಪೈಪಿಗೇ ಕಟ್ಟಿರುವುದುಂಟು. ಆ ಪೈಪ್ ತೆಗೆದು ಪ್ಲಾಸ್ಟಿಕ್ ಹಾಕಿದರೆ ಅರ್ಥಿಂಗ್ ಹೋಯಿತು, ಯಾರಿಗೂ ಗೊತ್ತೇ ಆಗಲ್ಲ. ಪೈಪ್ ಬದಲಾಯಿಸುವ ಮೊದಲು ಬೇರೆ ಅರ್ಥಿಂಗ್ ಮಾಡಿಸಿ.
- ಕುಡಿಯುವ ನೀರಿನ ಲೈನ್ ಚರಂಡಿ ಅಥವಾ ಕಕ್ಕಸು ಪೈಪ್ ಪಕ್ಕ ಹೋಗಿರುವ ಕಡೆ. ಅಲ್ಲಿ ತೇಪೆ ಬೇಡ. ಲೈನನ್ನೇ ಬೇರೆ ದಾರಿಯಲ್ಲಿ ತೆಗೆಸಿ.
- ಕಕ್ಕಸು ಗುಂಡಿ, ಸೆಪ್ಟಿಕ್ ಟ್ಯಾಂಕ್. ನೀವೂ ಇಳಿಯಬೇಡಿ, ಬೇರೆಯವರನ್ನೂ ಇಳಿಸಬೇಡಿ. ಒಳಗಿನ ವಿಷಗಾಳಿ ನಿಮಿಷದಲ್ಲಿ ಜೀವ ತೆಗೆಯುತ್ತದೆ. ರಕ್ಷಣೆ ಇಲ್ಲದೆ ಮನುಷ್ಯರನ್ನು ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ಸಕ್ಕಿಂಗ್ ಗಾಡಿಯವರನ್ನೇ ಕರೆಸಿ. ಬಹಳ ದಿನ ಮುಚ್ಚಿಟ್ಟ ಸಂಪಿನಲ್ಲೂ ಉಸಿರಾಡುವ ಗಾಳಿ ಇರಲ್ಲ, ಒಬ್ಬರೇ ಇಳಿಯಬೇಡಿ.

ಪ್ಲಂಬರ್ ಕರೆಯುವಾಗ

ಮೇಲಿನ ಆರು ಪರೀಕ್ಷೆ ಮಾಡಿ, ಬರೆದ ಹಾಳೆ ಕೈಯಲ್ಲಿಟ್ಟುಕೊಂಡು ಕರೆಯಿರಿ. "ನೀರು ಸರಿಯಾಗಿ ಬರ್ತಿಲ್ಲ" ಅಂದರೆ ಅವರೂ ಊಹೆ ಮೇಲೆ ಒಡೆಯುತ್ತಾರೆ. "ರಾತ್ರಿಗೆ 5 ಇಂಚು ಇಳಿಯುತ್ತೆ, ವಾಲ್ ಮುಚ್ಚಿದರೆ ಇಳಿಯಲ್ಲ, ಬಚ್ಚಲು ಗೋಡೆ ತೇವ ಇದೆ" ಅಂದರೆ ಒಡೆಯುವ ಜಾಗ ಒಂದೇ ಆಗುತ್ತದೆ. ಅಷ್ಟರಮಟ್ಟಿಗೆ ಕೂಲಿಯೂ ಉಳಿಯಿತು, ಗೋಡೆಯೂ ಉಳಿಯಿತು.

ಮೊದಲೇ ಮಾತಾಡಿಕೊಳ್ಳಬೇಕಾದ್ದು:

1. ದಿನಗೂಲಿಯೋ, ಗುತ್ತಿಗೆಯೋ? ಸಾಮಾನು ಯಾರು ತರೋದು?
2. ಒಡೆದ ಗೋಡೆಗೆ ಗಾರೆ, ಟೈಲ್ಸ್ ಕೆಲಸ ಲೆಕ್ಕದಲ್ಲಿ ಸೇರಿದೆಯಾ?
3. ಯಾವ ಪೈಪ್ ಹಾಕುತ್ತೀರಿ? ತಣ್ಣೀರಿಗೆ ಯುಪಿವಿಸಿ ಆದರೆ ಐಎಸ್ 4985, ಬಿಸಿನೀರಿಗೆ ಸಿಪಿವಿಸಿ ಆದರೆ ಐಎಸ್ 15778 ಅಂತ ಅಚ್ಚು ಇರಬೇಕು. ಗೀಸರ್, ಸೋಲಾರ್ ಲೈನಿಗೆ ಮಾಮೂಲಿ ಪಿವಿಸಿ ಹಾಕಲು ಬಿಡಬೇಡಿ, ಬಿಸಿಗೆ ಮೆತ್ತಗಾಗುತ್ತದೆ. ಎರಡಕ್ಕೂ ಅಂಟು ಬೇರೆ ಬೇರೆ.
4. ಪ್ರತಿ ಬಚ್ಚಲಿಗೆ, ಅಡುಗೆಮನೆಗೆ ಬೇರೆ ಬೇರೆ ವಾಲ್ ಹಾಕಿ ಕೊಡುತ್ತೀರಾ? ಮುಂದೆ ಒಂದು ಕಡೆ ಕೆಟ್ಟರೆ ಇಡೀ ಮನೆ ನೀರು ನಿಲ್ಲಿಸಬೇಕಿಲ್ಲ.
5. ಮುಚ್ಚುವ ಮೊದಲು ಟೆಸ್ಟ್ ಮಾಡುತ್ತೀರಾ?

ಐದನೆಯದನ್ನು ಬಿಡಬೇಡಿ. ಹೊಸ ಲೈನಿಗೆ ಗೇಜು ಇರುವ ಕೈಪಂಪ್ ಹಚ್ಚಿ ಒತ್ತಡ ಏರಿಸಿ, ಮುಳ್ಳು ಇಳಿಯದೆ ನಿಲ್ಲುತ್ತದಾ ನೋಡಬೇಕು. ಆದರೆ ಈ ಪರೀಕ್ಷೆ ಹೊಸ ಭಾಗಕ್ಕೆ ಮಾತ್ರ. ಹಳೇ ಜಿಐಗೆ ಒತ್ತಡ ಕೊಟ್ಟರೆ ಅದು ಇನ್ನೊಂದು ಕಡೆ ಬಿಟ್ಟುಕೊಳ್ಳುತ್ತದೆ. ಪಂಪ್ ಇಲ್ಲದಿದ್ದರೆ ಕಡೇ ಪಕ್ಷ ಒಂದು ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ನೋಡಿ ಆಮೇಲೆ ಗಾರೆ ಹಾಕಿಸಿ. ಮುಚ್ಚುವ ಮೊದಲು ಪೈಪಿನ ಪಕ್ಕ ಅಳತೆ ಪಟ್ಟಿ ಹಿಡಿದು ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಮುಂದಿನ ರಿಪೇರಿಗೆ ಅದೇ ನಕ್ಷೆ.

ಎಲ್ಲೆಲ್ಲೂ ತುಕ್ಕು, ವರ್ಷಕ್ಕೆ ಎರಡು ಮೂರು ಕಡೆ ಸೋರಿಕೆ ಅಂತಾದರೆ ತೇಪೆ ಹಾಕುತ್ತಾ ಕೂರಬೇಡಿ. ಹಳೇ ಪೈಪನ್ನು ಗೋಡೆಯೊಳಗೇ ಬಿಟ್ಟು, ಹೊಸ ಲೈನನ್ನು ಗೋಡೆ ಹೊರಗಿಂದ ಕ್ಲ್ಯಾಂಪ್ ಹಾಕಿ ತೆಗೆಸಬಹುದು. ನೋಡಲು ಅಷ್ಟು ಚೆಂದ ಇರಲ್ಲ, ಆದರೆ ಖರ್ಚು ಕಡಿಮೆ. ಮುಂದೆ ಸೋರಿದರೆ ಕಣ್ಣಿಗೆ ಕಾಣುತ್ತದೆ.

ಕೆಲಸ ಮುಗಿದ ಮೇಲೆ

ಹೊಸ ಲೈನಿನ ಮೊದಲ ನೀರನ್ನು ಎಲ್ಲ ನಲ್ಲಿಯಿಂದಲೂ ಹತ್ತು ನಿಮಿಷ ಬಿಡಿ. ಗಿಡದ ಬುಡಕ್ಕೆ ಹೋಗಲಿ. ಟ್ಯಾಂಕ್ ತೊಳೆದು ತುಂಬಿ, 1000 ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ 2.5 ಗ್ರಾಂ ಲೆಕ್ಕದಲ್ಲಿ ಬಕೆಟ್ ನೀರಿನಲ್ಲಿ ಕಲಸಿ, ಗಸಿ ಇಳಿದ ಮೇಲೆ ತಿಳಿ ಮಾತ್ರ ಟ್ಯಾಂಕಿಗೆ ಹಾಕಿ. ಒಂದು ಗಂಟೆ ಬಿಟ್ಟು ಬಳಸಿ.

ಪೈಪ್ ಹೊಸದಾದ ಮಾತ್ರಕ್ಕೆ ಬೋರ್ ನೀರು ಕುಡಿಯಲು ಯೋಗ್ಯ ಅಂತಲ್ಲ. ಫ್ಲೋರೈಡ್ ಕಣ್ಣಿಗೂ ಕಾಣಲ್ಲ, ರುಚಿಗೂ ಗೊತ್ತಾಗಲ್ಲ, ಕಾಯಿಸಿದರೂ ಹೋಗಲ್ಲ. ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು. ಬೇರೆ ಮೂಲ ಇಲ್ಲದಿದ್ದಾಗ ಗರಿಷ್ಠ 1.5. ಗಡಸುತನ 200, ಗರಿಷ್ಠ 600 ಮಿ.ಗ್ರಾಂ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಕೇಳಿ, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ ಪರೀಕ್ಷೆ ಮಾಡಿಸಿ.

ಕೊನೆಯದಾಗಿ

ಈ ವಾರ ಒಂದೇ ಕೆಲಸ ಮಾಡಿ: ಇವತ್ತು ರಾತ್ರಿ ಟ್ಯಾಂಕಿಗೆ ಸೀಮೆಸುಣ್ಣದ ಗುರುತು ಹಾಕಿ ಮಲಗಿ. ಬೆಳಿಗ್ಗೆ ಮಟ್ಟ ಇಳಿಯದೆ ಇದ್ದರೆ ನಿಶ್ಚಿಂತೆ. ಇಳಿದಿದ್ದರೆ ಎಷ್ಟು ಇಂಚು ಅಂತ ಬರೆದುಕೊಂಡು ಉಳಿದ ಪರೀಕ್ಷೆ ಮಾಡಿ. ವಾಷರ್ ಆದರೆ ನೀವೇ ಹಾಕಿ, ಗೋಡೆಯೊಳಗೆ ಅಂತ ಗೊತ್ತಾದರೆ ರೆಂಚ್ ಕೆಳಗಿಟ್ಟು ಫೋನ್ ಎತ್ತಿಕೊಳ್ಳಿ. ಹೊಸ ಬೋರ್ ಮಾತು ಇದೆಲ್ಲ ಆದ ಮೇಲೆ.